ಸರಿ ಉತ್ತರವೇ ಇಲ್ಲದ ವಿಷಯಕ್ಕೆ ಮಾರ್ಕ್ಸ್ ಹೇಗೆ ಕೊಡ್ತಾರೆ?

ಪದವಿಗೆ ತತ್ವಶಾಸ್ತ್ರ ಓದಿದವನು ಅಂತ ಗೊತ್ತಾದರೆ ಸಾಕು, ಮೊದಲು ಕೇಳುವುದು ಕೆಲಸ ಸಿಕ್ಕಿತಾ ಅಂತ. (ಸಿಕ್ಕಿತು.) ಆಮೇಲಿನ ಪ್ರಶ್ನೆ ನನಗೆ ಇಷ್ಟ: 'ಅಲ್ಲಿ ಸರಿ ಉತ್ತರ ಅಂತಲೇ ಇಲ್ಲವಲ್ಲ, ಮಾರ್ಕ್ಸ್ ಯಾವುದಕ್ಕೆ?'

ಎಲ್ಲ ಕಡೆಯೂ ಹಾಗಲ್ಲ. ತರ್ಕದ ಪೇಪರಿನಲ್ಲಿ 'ಮಳೆ ಬಂದರೆ ನೆಲ ಒದ್ದೆಯಾಗುತ್ತದೆ, ನೆಲ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ' ಎಂದು ಬರೆದರೆ ಸೊನ್ನೆಯೇ. ಯಾರೋ ನೀರು ಚೆಲ್ಲಿರಬಹುದು. ಪೇಚಾಟ ಇರುವುದು ಪ್ರಬಂಧದಲ್ಲಿ.

ನನ್ನ ಮೊದಲ ಪ್ರಬಂಧ, ಮನಸ್ಸು ಬೇರೆ, ದೇಹ ಬೇರೆ ಎಂದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಬಗ್ಗೆ. ಹಳೇ ಕಾಲದ ಮಾತು, ವಿಜ್ಞಾನ ಒಪ್ಪುವುದಿಲ್ಲ ಎಂದು ನಾಲ್ಕು ಪುಟ ಜಾಡಿಸಿದ್ದೆ. ವಾಪಸು ಬಂದ ಹಾಳೆಯ ಅಂಚಿನಲ್ಲಿ ಒಂದೇ ಸಾಲು: 'ಇದನ್ನು ಓದಿದರೆ ಡೆಕಾರ್ಟ್ ತನ್ನ ವಾದ ಅಂತ ಗುರುತು ಹಿಡಿಯುತ್ತಾನೆಯೇ?' ಬಂದ ಮಾರ್ಕ್ಸ್ ಹೇಳುವಂತಿರಲಿಲ್ಲ.

ಆಮೇಲೆ, ಬೊಹಿಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲಿ ಅವನಿಗೆ ಬರೆದ ಪತ್ರ ಓದಿಸಿದರು. ಆಗ ಆಕೆಗೆ 24 ವರ್ಷ. ಮನಸ್ಸು ಜಾಗ ಹಿಡಿಯುವ ವಸ್ತುವಲ್ಲ ಎಂಬ ಅವನ ಮಾತನ್ನೇ ಹಿಡಿದು ಕೇಳುತ್ತಾಳೆ: ತಳ್ಳಬೇಕಾದರೆ ತಾಗಬೇಕಲ್ಲ, ತಾಗಲಾರದ್ದು ದೇಹವನ್ನು ಅಲುಗಿಸುವುದು ಹೇಗೆ? ಅವನ ಉತ್ತರ ಒಪ್ಪಿಗೆಯಾಗದೆ ಮತ್ತೆ ಬರೆದಳು. ನನ್ನ ನಾಲ್ಕು ಪುಟದಲ್ಲಿ ಇಲ್ಲದ್ದು ಆಕೆಯ ಒಂದು ಪ್ರಶ್ನೆಯಲ್ಲಿತ್ತು. ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತಕ್ಕೆ ಮುಂಚೆ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅಷ್ಟು ಉದ್ದ ಬರೆದದ್ದು ಯಾಕೆ ಅಂತ ಆಗ ಹೊಳೆಯಿತು.

ಮುಂದಿನ ಪ್ರಬಂಧ 'ಗೊತ್ತು' ಅನ್ನುವುದರ ಬಗ್ಗೆ. ಆಧಾರವಿರುವ ನಿಜವಾದ ನಂಬಿಕೆಯೇ ಜ್ಞಾನ ಎಂಬ ವಿವರಣೆಯನ್ನು ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದಲ್ಲಿ ಅಲುಗಾಡಿಸಿದ: ಆಧಾರವಿದ್ದರೂ ನಂಬಿಕೆ ಬರೀ ಅದೃಷ್ಟದಿಂದ ನಿಜವಾಗುವ ಉದಾಹರಣೆಗಳನ್ನು ಕೊಟ್ಟ. ಆ ಮೂರು ಪುಟಕ್ಕೆ ನನಗೆ ಎರಡು ವಾರ ಹಿಡಿಯಿತು. ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನ ಉದಾಹರಣೆಯೂ ಇಂಥದ್ದೇ: ಮಾಂಸ ಸುಡಲು ಬೆಂಕಿ ಹೊತ್ತಿಸಿದ್ದಾರೆ, ಇನ್ನೂ ಹೊಗೆ ಎದ್ದಿಲ್ಲ, ಮೇಲೆ ಹುಳುಗಳ ಹಿಂಡು. ದೂರದವನು ಅದನ್ನೇ ಹೊಗೆ ಅಂದುಕೊಂಡು 'ಅಲ್ಲಿ ಬೆಂಕಿಯಿದೆ' ಅನ್ನುತ್ತಾನೆ. ಬೆಂಕಿ ಇದೆ. ಆದರೆ ಅವನಿಗೆ ಗೊತ್ತಿತ್ತೇ?

ಇಲ್ಲ ಎಂದು ನಾನು ಬರೆದೆ, ಹೌದು ಎಂದು ಪಕ್ಕದವಳು ಬರೆದಳು. ಇಬ್ಬರಿಗೂ ಒಂದೇ ಮಾರ್ಕ್ಸ್ ಬಂತು.