ದಾಟಿದ ಗಾಡಿಗಳನ್ನಷ್ಟೇ ಎಣಿಸಿದ್ದೆ

ಸ್ಟಾಪ್ ಬೋರ್ಡ್ ಬೇಡ ಎಂದು ವರದಿ ಬರೆದು ಸಹಿ ಹಾಕಿದ ಮಾರನೇ ದಿನ ನಮ್ಮ ಫೀಲ್ಡ್ ಸಹಾಯಕರು ನನ್ನ ಟೇಬಲ್ ಹತ್ತಿರ ಬಂದು ನಿಂತರು. ವರ್ಷಗಟ್ಟಲೆ ರಸ್ತೆ ಬದಿಯಲ್ಲಿ ಕೂತು ಗಾಡಿ ಎಣಿಸಿದವರು ಅವರು. "ಮೇಡಂ, ನಾವು ದಾಟಿದ ಗಾಡಿ ಎಣಿಸಿದ್ವಿ. ದಾಟೋಕೆ ಆಗದೆ ನಿಂತಿದ್ವಲ್ಲ, ಅವು ಲೆಕ್ಕಕ್ಕೆ ಬರಲೇ ಇಲ್ಲ ಅಲ್ವಾ?" ಎಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ವರದಿ ತೆಗೆದು ಮತ್ತೆ ನೋಡಿದೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಯಾವ ಜಂಕ್ಷನ್‌ಗೆ ಯಾವ ಬೋರ್ಡ್, ಎಲ್ಲಿ ಗೆರೆ, ಎಲ್ಲಿ ಸಿಗ್ನಲ್ ಅಂತ ನೋಡುವುದು ನನ್ನ ಕೆಲಸ. ಇದು ನಾಲ್ಕು ದಾರಿ ಸೇರುವ ಜಾಗ. ಒಂದು ದೊಡ್ಡ ರಸ್ತೆ, ಅದನ್ನು ಅಡ್ಡ ಹಾಯುವ ಒಂದು ಸಣ್ಣ ರಸ್ತೆ. ಯಾವ ಕಡೆಗೂ ಬೋರ್ಡ್ ಇರಲಿಲ್ಲ. ಸಂಜೆಯಾದರೆ ಸಣ್ಣ ರಸ್ತೆಯಲ್ಲಿ ಉದ್ದ ಸಾಲು. ಅಲ್ಲಿನ ಜನ ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಬೇಕು ಎಂದು ಬರೆದು ಕೊಟ್ಟಿದ್ದರು.

ಒಂದು ಬೋರ್ಡ್ ನೆಡಲು ಇಷ್ಟೆಲ್ಲ ಎಣಿಕೆ ಯಾಕೆ, ಸುಮ್ನೆ ಹಾಕಿಬಿಡಬಹುದಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬೇಡದ ಕಡೆ ಹಾಕಿದ ಸ್ಟಾಪ್ ಬೋರ್ಡ್ ಕೆಟ್ಟದ್ದು ಮಾಡುತ್ತದೆ. ಮೊದಲ ವಾರ ಎಲ್ಲರೂ ನಿಲ್ಲುತ್ತಾರೆ. ಅಡ್ಡ ರಸ್ತೆಯಲ್ಲಿ ಯಾರೂ ಬರುತ್ತಿಲ್ಲ ಎಂದು ದಿನಾ ನೋಡಿ ನೋಡಿ, ಆಮೇಲೆ ಬ್ರೇಕ್ ಮೇಲೆ ಸ್ವಲ್ಪ ಕಾಲಿಟ್ಟು ಹಾಗೇ ಮುಂದೆ ಹೋಗುತ್ತಾರೆ. ಅಷ್ಟರಲ್ಲಿ ನಡೆದು ಹೋಗುವವರು ಆ ಬೋರ್ಡನ್ನು ನಂಬಿ ರಸ್ತೆಗೆ ಇಳಿಯಲು ಶುರು ಮಾಡಿರುತ್ತಾರೆ. ನನಗೆ ಭಯ ಇರುವುದು ಇದರ ಬಗ್ಗೆ. ಗಾಡಿಗಳ ವೇಗ ತಗ್ಗಿಸಲು ಸ್ಟಾಪ್ ಬೋರ್ಡ್ ಬಳಸಬಾರದು ಎಂದು ಅಮೆರಿಕದ ಸಂಚಾರ ಕೈಪಿಡಿ ಸ್ಪಷ್ಟವಾಗಿಯೇ ಹೇಳುತ್ತದೆ. ಆ ಬೋರ್ಡ್ ಇರುವುದು ಮೊದಲು ಯಾರು ಹೋಗಬೇಕು ಎಂದು ತೀರ್ಮಾನಿಸಲು.

ಅದೇ ಕೈಪಿಡಿಯ 2009ರ ಆವೃತ್ತಿಯ ಅಳತೆಗಳನ್ನು ನಾನು ಹೋಲಿಕೆಗೆ ಇಟ್ಟುಕೊಂಡಿದ್ದೆ. ಎಲ್ಲ ಕಡೆ ಸ್ಟಾಪ್ ಹಾಕುವ ಮೊದಲು ದಿನದ ಯಾವುದಾದರೂ 8 ಗಂಟೆಗಳಲ್ಲಿ ದೊಡ್ಡ ರಸ್ತೆಯ ಎರಡೂ ಕಡೆಯಿಂದ ಸೇರಿ ಗಂಟೆಗೆ ಸರಾಸರಿ 300 ಗಾಡಿ ಬರಬೇಕು. ಅದೇ ಗಂಟೆಗಳಲ್ಲಿ ಸಣ್ಣ ರಸ್ತೆಯಿಂದ ಗಾಡಿ, ಸೈಕಲ್, ನಡೆಯುವವರು ಎಲ್ಲ ಸೇರಿ ಗಂಟೆಗೆ ಸರಾಸರಿ 200 ಆಗಬೇಕು. ಅತಿ ಹೆಚ್ಚು ಓಡಾಟದ ಗಂಟೆಯಲ್ಲಿ ಸಣ್ಣ ರಸ್ತೆಯ ಗಾಡಿಗಳು ಸರಾಸರಿ 30 ಸೆಕೆಂಡ್ ಆದರೂ ಕಾಯುತ್ತಿರಬೇಕು. ಸ್ಟಾಪ್ ಹಾಕಿದರೆ ತಪ್ಪಿಸಬಹುದಾದಂಥ ಅಪಘಾತ 12 ತಿಂಗಳಲ್ಲಿ 5 ಆಗಿದ್ದರೂ ಯೋಚಿಸಬೇಕು. ಅಪಘಾತದ ಸಂಖ್ಯೆ ಇಲ್ಲಿ ಅಷ್ಟು ಇರಲಿಲ್ಲ. ದೊಡ್ಡ ರಸ್ತೆ ಸುಲಭವಾಗಿ ಮಿತಿ ದಾಟಿತು. ಸಣ್ಣ ರಸ್ತೆ 200ಕ್ಕಿಂತ ಸ್ವಲ್ಪ ಕಡಿಮೆ ಬಂತು. ನಾನು "ಅಗತ್ಯ ಕಾಣುತ್ತಿಲ್ಲ" ಎಂದು ಬರೆದೆ.

ತಪ್ಪಾಗಿದ್ದು ಎಲ್ಲಿ ಎಂದು ಈಗ ಹೇಳುತ್ತೇನೆ. ಲಾಳಿಕೆಯ ಕೆಳಗೆ ಬೀಳುವ ನೀರನ್ನು ಅಳೆದರೆ ಅದರ ತೂತು ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಮೇಲಿನಿಂದ ಎಷ್ಟು ಸುರಿದರು ಎಂದು ತಿಳಿಯುವುದಿಲ್ಲ. ಸಾಲು ಖಾಲಿಯಾಗುವ ಜಂಕ್ಷನ್‌ನಲ್ಲಿ ಗೆರೆ ದಾಟಿದ ಗಾಡಿ ಎಣಿಸಿದರೆ ಸಾಕು. ಬಂದದ್ದು, ಹೋದದ್ದು ಎರಡೂ ಒಂದೇ ಆಗಿರುತ್ತದೆ. ಆದರೆ ಸಾಲು ಬೆಳೆಯುತ್ತಲೇ ಇದ್ದರೆ ಗೆರೆ ಹತ್ತಿರದ ಎಣಿಕೆ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಜಂಕ್ಷನ್ ಎಷ್ಟು ಕೆಟ್ಟಿದೆಯೋ ಅಷ್ಟು ಕಡಿಮೆ ಸಂಖ್ಯೆ ಬರುತ್ತದೆ! ಅದನ್ನು ನೋಡಿ ನಾವು ಇಲ್ಲಿ ಏನೂ ಬೇಡ ಎನ್ನುತ್ತೇವೆ. ಇದನ್ನು ನಾನು ಓದಿದ್ದೆ. ರಸ್ತೆಯಲ್ಲಿ ನಿಂತಾಗ ನೆನಪಿಗೆ ಬರಲಿಲ್ಲ.

ಮತ್ತೆ ಎಣಿಸಿದೆವು. ಈ ಸಲ ಇಬ್ಬರು ಗೆರೆ ಹತ್ತಿರ, ಒಬ್ಬರು ಸಾಲಿನ ಬಾಲದಲ್ಲಿ. ಪ್ರತಿ 15 ನಿಮಿಷ ಮುಗಿದಾಗ ಎಷ್ಟು ಗಾಡಿ ನಿಂತಿವೆ ಎಂದು ಬರೆದುಕೊಂಡೆವು. ದಾಟಿದ ಗಾಡಿಗಳ ಜೊತೆಗೆ ಸಾಲು ಎಷ್ಟು ಬೆಳೆಯಿತೋ ಅಷ್ಟನ್ನು ಕೂಡಿಸಿದರೆ ನಿಜವಾಗಿ ಬಂದದ್ದು ಸಿಗುತ್ತದೆ. ಬಾಲದಲ್ಲಿ ನಿಂತವರು ಇನ್ನೊಂದು ವಿಷಯ ಕಂಡರು. ಸಾಲು ನೋಡಿ ಎಷ್ಟೋ ಜನ ಗಾಡಿ ತಿರುಗಿಸಿ ಹಿಂದಿನ ಓಣಿಗೆ ಹೋಗುತ್ತಿದ್ದರು. ಅವರನ್ನೂ ಸೇರಿಸಿದೆವು.

ಕಾಯುವ ಹೊತ್ತು ಅಳೆಯಲು ಒಂದು ಸುಲಭ ದಾರಿ ಇದೆ, ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳಲೇಬೇಕು. ಒಂದೊಂದೇ ಗಾಡಿಯ ಹಿಂದೆ ಬೀಳಬೇಡಿ. ಪ್ರತಿ 15 ಸೆಕೆಂಡಿಗೆ ಒಮ್ಮೆ ತಲೆಯೆತ್ತಿ ನಿಂತ ಗಾಡಿಗಳನ್ನು ಎಣಿಸಿ. ಎಲ್ಲ ಕೂಡಿಸಿ 15ರಿಂದ ಗುಣಿಸಿ, ದಾಟಿದ ಗಾಡಿಗಳಿಂದ ಭಾಗಿಸಿ. ಉದಾಹರಣೆಗೆ 15 ನಿಮಿಷದಲ್ಲಿ 60 ಸಲ ನೋಡುತ್ತೀರಿ. ಪ್ರತಿ ಸಲ 4 ಗಾಡಿ ನಿಂತಿದ್ದರೆ ಒಟ್ಟು 240. ಅದು 15 ಸಲ ಎಂದರೆ 3,600 ಸೆಕೆಂಡ್. ಅಷ್ಟರಲ್ಲಿ 50 ಗಾಡಿ ದಾಟಿದ್ದರೆ ಒಂದೊಂದೂ ಸರಾಸರಿ 72 ಸೆಕೆಂಡ್ ಕಾದಿದೆ. ಒಂದು ಗಡಿಯಾರ, ಒಂದು ಪೆನ್ಸಿಲ್ ಇದ್ದರೆ ಆಯಿತು.

ಹೊಸ ಲೆಕ್ಕದಲ್ಲಿ ಸಣ್ಣ ರಸ್ತೆ 200 ದಾಟಿತು. ಕಾಯುವ ಹೊತ್ತೂ 30 ಸೆಕೆಂಡ್ ಮೀರಿತ್ತು. ಪಟ್ಟಿಯ ಪ್ರಕಾರ ನಾಲ್ಕೂ ಕಡೆ ಸ್ಟಾಪ್ ಹಾಕಬಹುದು. ಹಳೆ ವರದಿ ಹರಿದು ಹೊಸದು ಬರೆಯಲು ಕೂತೆ. ಆದರೆ ಒಮ್ಮೆ ಎಡವಿದ್ದೆನಲ್ಲ, ಸಹಿ ಹಾಕಲು ಕೈ ಬರಲಿಲ್ಲ. ಎರಡೂ ರಸ್ತೆಗಳಲ್ಲಿ ಗಾಡಿಗಳು ಹೆಚ್ಚುಕಡಿಮೆ ಸಮ ಇರುವ ಕಡೆ ಎಲ್ಲ ಕಡೆಯ ಸ್ಟಾಪ್ ಬಳಸುತ್ತಾರೆ ಎಂಬ ಮಾತೂ ಅದೇ ಆವೃತ್ತಿಯಲ್ಲಿದೆ. ಇಲ್ಲಿ ಸಮ ಎಲ್ಲಿದೆ? ದೊಡ್ಡ ರಸ್ತೆಯ ಗಾಡಿಗಳು ಹಲವು ಪಟ್ಟು ಜಾಸ್ತಿ. ಅವನ್ನೆಲ್ಲ ನಿಲ್ಲಿಸಿದರೆ ಸಾಲು ಈ ರಸ್ತೆಯಿಂದ ಆ ರಸ್ತೆಗೆ ಹೋಗುತ್ತದೆ ಅಷ್ಟೇ.

ಇನ್ನೊಂದು ವಿಷಯವೂ ಕೊರೆಯುತ್ತಿತ್ತು. ದೊಡ್ಡ ರಸ್ತೆಯಲ್ಲಿ ಆಗಾಗ ಒಳ್ಳೆಯ ಬಿಡುವು ಬರುತ್ತಿತ್ತು. ಆದರೂ ಸಣ್ಣ ರಸ್ತೆಯವರು ಹೊರಡುತ್ತಿರಲಿಲ್ಲ. ಯಾಕೆ?

ನಮ್ಮ ಗಾಡಿಯನ್ನೇ ಸಾಲಿನಲ್ಲಿ ನಿಲ್ಲಿಸಿ, ಗೆರೆ ಹತ್ತಿರ ಬಂದಾಗ ಚಾಲಕರ ಸೀಟಿನಲ್ಲಿ ಕೂತು ನೋಡಿದೆ. ಏನೂ ಕಾಣಲಿಲ್ಲ. ಮೂಲೆಯವರೆಗೂ ರಸ್ತೆ ಬದಿಯಲ್ಲಿ ಗಾಡಿಗಳನ್ನು ನಿಲ್ಲಿಸಿ ಹೋಗಿದ್ದರು, ಅದರಲ್ಲಿ ಎತ್ತರದ ವ್ಯಾನ್‌ಗಳೇ ಜಾಸ್ತಿ. ನಿಂತಲ್ಲಿಂದ ಹೊರಟು, ಎದುರಿನ ಹರಿವನ್ನು ಅಡ್ಡ ಹಾದು ತಿರುಗಲು ಒಂದು ಕಾರಿಗೆ ಸುಮಾರು 7.5 ಸೆಕೆಂಡಿನ ಬಿಡುವು ಬೇಕು ಎಂದು ರಸ್ತೆ ವಿನ್ಯಾಸದಲ್ಲಿ ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಅಂದರೆ ನೂರು ಮೀಟರಿಗೂ ಸ್ವಲ್ಪ ಮುಂದಿನವರೆಗೆ ದಾರಿ ಕಾಣಬೇಕು. ನಾವು ಟೇಪ್ ಹಿಡಿದು ಅಳೆದಾಗ ಅದರ ಅರ್ಧವೂ ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರೂ ಗಾಡಿಯ ಮೂತಿಯನ್ನು ಇಂಚಿಂಚೇ ಮುಂದೆ ತಂದು ಇಣುಕುತ್ತಿದ್ದರು. ಇಣುಕಿ ನೋಡುವಷ್ಟರಲ್ಲಿ ಬಂದ ಬಿಡುವು ಕೈ ತಪ್ಪುತ್ತಿತ್ತು. ಮುಂದಿನ ಬಿಡುವಿಗೆ ಮತ್ತೆ ಕಾಯುವುದು. ಸಾಲು ಬೆಳೆದಿದ್ದು ಹೀಗೆ.

ಎರಡು ಸಲ ಎಣಿಸಿದ ಹಾಳೆಗಳಲ್ಲಿ ಇದು ಎಲ್ಲೂ ಇರಲಿಲ್ಲ. ಆ ಸೀಟಿನಲ್ಲಿ ಕೂತ ಹತ್ತು ನಿಮಿಷದಲ್ಲಿ ಗೊತ್ತಾಯಿತು.

ಕೊನೆಗೆ ನಾವು ಮೊದಲು ನೆಟ್ಟಿದ್ದು ಮೂಲೆಗಳಲ್ಲಿ ವಾಹನ ನಿಲ್ಲಿಸಬೇಡಿ ಎಂಬ ಬೋರ್ಡ್. ಜೊತೆಗೆ ಅಷ್ಟು ಉದ್ದಕ್ಕೆ ಗೆರೆ. ಆಮೇಲೆ ಸಣ್ಣ ರಸ್ತೆಯ ಎರಡು ಕಡೆಗೆ ಮಾತ್ರ ಸ್ಟಾಪ್. ಚೆನ್ನಾಗಿ ಕಾಣುವ ಹಾಗಿದ್ದರೆ ದಾರಿ ಬಿಡಿ ಎಂಬ ತ್ರಿಕೋನದ ಬೋರ್ಡೇ ಸಾಕಾಗುತ್ತಿತ್ತು. ಆದರೆ ಒಂದು ಮೂಲೆಯಲ್ಲಿ ಗೋಡೆ ಇದೆ, ಅದನ್ನು ಸರಿಸಲು ಆಗುವುದಿಲ್ಲ. ಅಲ್ಲಿ ನಿಂತು ನೋಡಿಯೇ ಹೊರಡಬೇಕು. ನಿಲ್ಲುವ ಗೆರೆಯನ್ನು ಆ ಗೋಡೆ ಆದಷ್ಟು ಕಡಿಮೆ ಅಡ್ಡ ಬರುವ ಜಾಗಕ್ಕೆ ಮುಂದೆ ತಂದೆವು. ಎಂಟು ಮೂಲೆಯ ಸ್ಟಾಪ್ ಬೋರ್ಡ್ ನನಗೆ ಇಷ್ಟ, ಅದಕ್ಕೆ ಕಾರಣವೂ ಇದೆ. ಹಿಂದಿನಿಂದ ನೋಡಿದರೂ, ಬಣ್ಣ ಕಾಣದಿದ್ದರೂ, ಆಕಾರದಿಂದಲೇ ಗುರುತು ಸಿಗುತ್ತದೆ. ಅಡ್ಡ ರಸ್ತೆಯವರಿಗೆ ನಿಲ್ಲುವ ನಿಯಮ ಇದೆ ಎಂದು ದೊಡ್ಡ ರಸ್ತೆಯವರಿಗೂ ತಿಳಿಯುತ್ತದೆ. ಈ ಆಕಾರ 1920ರ ದಶಕದಲ್ಲೇ ಬಂತು. ಕೆಂಪು ಬಣ್ಣ ಅಮೆರಿಕದಲ್ಲಿ ನಿಯಮವಾಗಿದ್ದು 1954ರಲ್ಲಿ, ಅದಕ್ಕೂ ಮೊದಲು ಅಲ್ಲಿ ಹಳದಿ ಇತ್ತು.

ಅರ್ಜಿ ಕೊಟ್ಟವರಿಗೆ ಬೇಸರವಾಯಿತು. ನಾಲ್ಕು ಕೇಳಿದ್ದರು, ಎರಡು ಕೊಟ್ಟೆವು. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ ಎಂದು ಜಂಕ್ಷನ್‌ಗೇ ಕರೆದು, ಮೊದಲು ತೆಗೆದ ಫೋಟೋ ಮತ್ತು ಈಗ ಕಾಣುವ ದಾರಿ ಎರಡನ್ನೂ ತೋರಿಸಿದೆ. ಒಬ್ಬ ಹಿರಿಯರು "ಅದೆಲ್ಲ ಸರಿ ಕಣಮ್ಮಾ, ವ್ಯಾನ್‌ಗಳು ಮತ್ತೆ ಬಂದು ನಿಲ್ಲಲ್ಲ ಅಂತ ಯಾರು ನೋಡ್ಕೋತಾರೆ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಹಾಗೇ ವರದಿಗೆ ಸೇರಿಸಿ, ಸಂಜೆ ಹೊತ್ತು ಅಲ್ಲಿ ಯಾರಾದರೂ ನಿಗಾ ಇಡಬೇಕು ಎಂದು ಪೊಲೀಸರಿಗೆ ಪತ್ರ ಕಳಿಸಿದೆವು.

ಎರಡು ತಿಂಗಳ ಮೇಲೆ ಹೋಗಿ ಅಳೆದಾಗ ಕಾಯುವ ಹೊತ್ತು ಇಳಿದಿತ್ತು. ಸಂಜೆಯ ಒಂದು ಗಂಟೆ ಮಾತ್ರ ಇನ್ನೂ ಸಾಲು ನಿಲ್ಲುತ್ತದೆ. ಅಷ್ಟಕ್ಕೆ ಸಿಗ್ನಲ್ ಬೇಕೇ ಎಂದು ನೋಡಲು ಮುಂದಿನ ತಿಂಗಳು ಮತ್ತೆ ಎಣಿಸುತ್ತೇವೆ. ನಮ್ಮ ಎಣಿಕೆ ಫಾರಂನಲ್ಲಿ ಈಗ ಒಂದು ಕಾಲಂ ಜಾಸ್ತಿ ಇದೆ, "ಸಾಲಿನ ಬಾಲ" ಅಂತ. ಅದನ್ನು ತುಂಬುವ ಕೆಲಸ ಅದೇ ಸಹಾಯಕರದ್ದು.