ಉಳಿ ಮುಟ್ಟದ ಮೂರ್ತಿಗಳು

ಬಾದಾಮಿ, ಐಹೊಳೆ ನೋಡಿ ಬೆಳೆದವರಿಗೆ ಕಲ್ಲಿನ ಕೆಲಸ ಅಂದರೆ ಉಳಿ, ಸುತ್ತಿಗೆ, ಹಾರುವ ಚಕ್ಕೆ. ಹಾಗಾಗಿ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಹಳೆಯ ಪುಟ್ಟ ಕಲ್ಲಿನ ಗೊಂಬೆಗಳ ಫೋಟೊ ಕಂಡಾಗಲೂ ಬಾಯಿಗೆ ಬರುವ ಮಾತು ‘ಎಂಥಾ ಕೆತ್ತನೆ’. ಆದರೆ ಅದು ಕೆತ್ತನೆ ಅಲ್ಲ. ಆ ಜನರಿಗೆ ಕಬ್ಬಿಣ ಗೊತ್ತಿರಲಿಲ್ಲ. ತಾಮ್ರ ಬಂದದ್ದು ಬಹಳ ತಡವಾಗಿ, ಬಂದ ಮೇಲೂ ಜೇಡ್‌ನಂಥ ಗಟ್ಟಿ ಹಸಿರು ಕಲ್ಲಿನ ಮುಂದೆ ತಾಮ್ರದ ಉಳಿಯ ಆಟ ನಡೆಯುವಂತಿರಲಿಲ್ಲ. ಒಂದು ಗೇಣಿಗಿಂತ ಚಿಕ್ಕದಾದ ಆ ಮೂರ್ತಿಗಳನ್ನು ಮಸೆದು, ತಿಕ್ಕಿ, ದಾರದಿಂದ ಕೊಯ್ದು ಮಾಡಿದ್ದಾರೆ. ಅದು ಶಿಲ್ಪಿಯ ಕೆಲಸಕ್ಕಿಂತ ಕೊಡಲಿ ಮಸೆಯುವವನ ಕೆಲಸಕ್ಕೇ ಹತ್ತಿರ. ಇಷ್ಟು ತಿಳಿದರೆ ಆ ಗೊಂಬೆಗಳ ಕೈ ಮೈಗೇ ಅಂಟಿಕೊಂಡಿರುವುದೇಕೆ, ಬಾಯಿಯ ಎರಡೂ ತುದಿಗೆ ದುಂಡನೆಯ ಕುಳಿ ಇರುವುದೇಕೆ ಎಂಬುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಬಾದಾಮಿಯ ಮರಳುಗಲ್ಲಿನಲ್ಲಿ ಒಂದೊಂದು ಕಣವೂ ಗಟ್ಟಿ, ಆದರೆ ಕಣಗಳ ನಡುವಿನ ಬೆಸುಗೆ ಅಷ್ಟು ಗಟ್ಟಿಯಲ್ಲ. ಉಳಿ ಇಟ್ಟು ಹೊಡೆದರೆ ಹೊಡೆದಷ್ಟೇ ಏಳುತ್ತದೆ. ಜೇಡೈಟ್, ಅಂದರೆ ಆ ಕಡೆಯ ಜೇಡ್, ಹಾಗಲ್ಲ. ಅದರ ಹರಳುಗಳು ಕಂಬಳಿಯ ಉಣ್ಣೆ ಎಳೆಗಳ ಹಾಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕಲ್ಲಿನ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದು 6.5ರಿಂದ 7, ಅಂದರೆ ಬೆಣಚುಕಲ್ಲಿಗೆ ಸರಿಸಮ. ಹೊಡೆದರೆ ಪೆಟ್ಟು ವಾಪಸ್ ಬರುತ್ತದೆ, ಜೋರಾಗಿ ಹೊಡೆದರೆ ಒಳಗೆಲ್ಲೋ ಕಾಣದ ಬಿರುಕು ಬಿಟ್ಟು, ಮುಗಿಯುವ ಹೊತ್ತಿಗೆ ಕೈಕೊಡುತ್ತದೆ. ಅದಕ್ಕೇ ಉಜ್ಜುವ ದಾರಿ. ಆ್ಯಂಡಿಸೈಟ್, ಡಯೊರೈಟ್‌ನಂಥ ಕಣಕಣದ ಕಲ್ಲುಗಳನ್ನು ಮಾತ್ರ ಮೊದಲು ದುಂಡುಗಲ್ಲಿನಿಂದ ಕುಟ್ಟಿ ಕುಟ್ಟಿ ಒರಟು ಆಕಾರಕ್ಕೆ ತಂದು ಆಮೇಲೆ ಉಜ್ಜುತ್ತಿದ್ದರು. ನಮ್ಮಲ್ಲಿ ಬೀಸುಕಲ್ಲಿಗೆ ಮುಳ್ಳು ಹಾಕಿದ ಹಾಗೆ, ಸಣ್ಣ ಸಣ್ಣ ಪೆಟ್ಟು, ಲೆಕ್ಕವಿಲ್ಲದಷ್ಟು.

ಮೆಕ್ಸಿಕೊದಿಂದ ಗ್ವಾಟೆಮಾಲಾ ಆಚೆಯವರೆಗಿನ ಇಡೀ ಮೆಸೊಅಮೆರಿಕಕ್ಕೆ ಜೇಡೈಟ್‌ನ ಗೊತ್ತಿರುವ ಮೂಲ ಒಂದೇ, ಗ್ವಾಟೆಮಾಲಾದ ಮೊತಾಗುವಾ ನದಿಯ ಕಣಿವೆ. ಅಲ್ಲಿಂದ, ಮೆಕ್ಸಿಕೊ ಕೊಲ್ಲಿಯ ದಂಡೆಯಲ್ಲಿ ಬಹಳ ಹಿಂದೆ ಬಾಳಿದ ಓಲ್ಮೆಕ್ ಜನರ ಲಾ ವೆಂತಾ ಊರಿಗೆ ನೇರ ಗೆರೆ ಎಳೆದರೂ 500 ಕಿ.ಮೀ. ದಾಟುತ್ತದೆ. ಬಾಗಲಕೋಟೆಯಿಂದ ಬೆಂಗಳೂರಿಗಿಂತ ದೂರ, ಅದೂ ಎತ್ತಿನ ಬಂಡಿ ಇಲ್ಲ, ಕುದುರೆ ಇಲ್ಲ, ಬರೀ ಹೆಗಲ ಮೇಲೆ ಮತ್ತು ದೋಣಿಯಲ್ಲಿ. ಇಷ್ಟು ತುಟ್ಟಿ ಕಲ್ಲನ್ನು ಚಕ್ಕೆ ಹಾರಿಸಿ ಹಾಳು ಮಾಡುವವರು ಯಾರು? ಮುರಿದ ತುಂಡನ್ನೂ ಮತ್ತೆ ಬಳಸುತ್ತಿದ್ದರು.

ಅದರ ಸಾಕ್ಷಿ ಲಾ ವೆಂತಾದಲ್ಲೇ ಇದೆ. 1955ರಲ್ಲಿ ಅಲ್ಲಿ ಅಗೆದಾಗ 16 ನಿಂತ ಗೊಂಬೆಗಳೂ ನೆಟ್ಟಗೆ ನಿಲ್ಲಿಸಿದ 6 ನುಣುಪು ಕೊಡಲಿಗಲ್ಲುಗಳೂ (ಕೊಡಲಿಯ ಅಲಗಿನ ಆಕಾರಕ್ಕೆ ಮಸೆದ ಕಲ್ಲುಗಳು) ಒಂದೇ ಕಡೆ, ಇಟ್ಟಿದ್ದು ಇಟ್ಟ ಹಾಗೇ ಸಿಕ್ಕವು. ಸಂಶೋಧಕರು ಅದನ್ನು ‘4ನೇ ಅರ್ಪಣೆ’ ಎನ್ನುತ್ತಾರೆ. ಕೊಡಲಿಗಲ್ಲುಗಳಲ್ಲಿ ಕೆಲವದರ ಮೇಲೆ ಅರ್ಧಕ್ಕೇ ತುಂಡಾದ ಗೆರೆಚಿತ್ರಗಳಿವೆ, ಅಂದರೆ ಹಳೆಯದೊಂದು ಚಿತ್ರವಿದ್ದ ಕಲ್ಲನ್ನು ಕೊಯ್ದು ಮಾಡಿದವು. ಗೊಂಬೆಗಳಲ್ಲಿ ಒಂದು ಮಾತ್ರ ಒರಟು ಕಲ್ಲಿನದು. ಅದು ಕೊಡಲಿಗಲ್ಲುಗಳಿಗೆ ಬೆನ್ನು ಕೊಟ್ಟು ನಿಂತಿದೆ, ಜೇಡ್ ಮತ್ತು ಅದಕ್ಕಿಂತ ಮೆತ್ತನೆಯ ಹಸಿರು ಕಲ್ಲು ಸರ್ಪೆಂಟೈನ್‌ನ ಉಳಿದವು ಅದರ ಮುಂದೆ ನೆರೆದಿವೆ. ಹೂತಿಟ್ಟ ಎಷ್ಟೋ ಕಾಲದ ಮೇಲೆ ಯಾರೋ ಸರಿಯಾಗಿ ಅದರ ಮೇಲೆಯೇ ಗುಂಡಿ ತೋಡಿ, ತಲೆಗಳು ಕಾಣುವವರೆಗೆ ಇಳಿದು, ನೋಡಿ, ಮತ್ತೆ ಮುಚ್ಚಿದ್ದಾರೆ. ಅದು ನ್ಯಾಯಸಭೆಯೋ ಪೂಜೆಯೋ ಎಂಬ ಚರ್ಚೆ ಬಹಳ ನಡೆದಿದೆ. ಕಲ್ಲಿನ ಕಡೆಯಿಂದ ನೋಡಿದರೆ ಮಾತು ಸರಳ: ಒರಟು ಕಲ್ಲಿನವನ ಮುಖ ಮಸುಕಾಗಿದೆ, ಹಸಿರು ಕಲ್ಲಿನವರ ತುಟಿಯ ಅಂಚು ಇವತ್ತಿಗೂ ಚೂಪು.

ಇಂಥ ಗೊಂಬೆಯನ್ನು ತಾವೇ ಮಾಡಿ ಕಲಿಯುವವರಿಗೆ ಮಾತ್ರ ಓಲ್ಮೆಕ್ ಶೈಲಿ ಬೇಡ. ಮೆಸ್ಕಾಲಾ ಗೊಂಬೆ ಹಿಡಿಯಿರಿ. ಮೆಕ್ಸಿಕೊದ ಗೆರೆರೊ ರಾಜ್ಯದಲ್ಲಿ ಬಾಲ್ಸಾಸ್ ನದಿಯ ಮೇಲ್ಗಡೆ ಸಿಗುವ ಇವು ಮೂಲತಃ ಕೊಡಲಿಯ ಆಕಾರದವು. ಕೊಡಲಿಗಲ್ಲಿಗೆ ಏಳೆಂಟು ಗಾಡಿ, ಅಂದರೆ ಉದ್ದನೆಯ ತೋಡುಗೆರೆ, ಹಾಕಿದರೆ ಮನುಷ್ಯ ಬಂದುಬಿಡುತ್ತಾನೆ. ಮುಖದ ಎರಡು ಓರೆ ಬದಿಗಳು ನಡುವೆ ಕೂಡುವ ಏಣೇ ಮೂಗು, ಕಣ್ಣಿಗೆ ಎಷ್ಟೋ ಸಲ ಏನೂ ಇಲ್ಲ. ನೆರಳೇ ಕಣ್ಣು. ಇಷ್ಟು ಕಡಿಮೆ ಕೆಲಸದಲ್ಲಿ ಇಷ್ಟು ಹೇಳುವ ಮೂರ್ತಿ ಬೇರೆ ಕಡೆ ಕಾಣುವುದು ಅಪರೂಪ. ಸ್ಪೇನಿನವರು ಬರುವ ಮುನ್ನ ಅಲ್ಲಿ ಆಳುತ್ತಿದ್ದ ಅಜ್ಟೆಕರಿಗೂ ಇವು ಹಿಡಿಸಿದ್ದವು. ಮೆಕ್ಸಿಕೊ ನಗರದ ತೆಂಪ್ಲೊ ಮಯೋರ್ ಗುಡಿಯ ಅರ್ಪಣೆಗಳಲ್ಲಿ ತಮಗಿಂತ ನೂರಾರು ವರ್ಷ ಹಳೆಯ ಈ ಗೊಂಬೆಗಳನ್ನು ರಾಶಿ ರಾಶಿ ಹೂತಿದ್ದಾರೆ, ಕೆಲವಕ್ಕೆ ಮಳೆದೇವರು ತ್ಲಾಲೋಕ್‌ನ ಗುರುತಿನ ಬಣ್ಣವನ್ನೂ ಬಳಿದಿದ್ದಾರೆ.

ಈಗ ಕೆಲಸಕ್ಕೆ ಬರೋಣ. ಕಲ್ಲು ಆರಿಸುವಲ್ಲೇ ಅರ್ಧ ಕೆಲಸ. ಇಳಕಲ್ಲಿನ ಕೆಂಪು ಗ್ರಾನೈಟ್ ನೋಡಲು ಚಂದ, ಆದರೆ ಹರಳು ದೊಡ್ಡವು. ಮೂಗಿನ ಏಣು ತೆಗೆಯುವಾಗ ಒಂದು ಹರಳು ಇಡಿಯಾಗಿ ಕಿತ್ತು ಬಂದರೆ ಮೂಗೇ ಹೋಯಿತು. ಬಾದಾಮಿ ಕಲ್ಲಿಗೆ ಹೊಳಪು ಬರುವುದಿಲ್ಲ, ಅದನ್ನು ಗೊಂಬೆಗಲ್ಲ, ಸಾಣೆಗೆ ಇಟ್ಟುಕೊಳ್ಳಿ. ಬಳಪದ ಕಲ್ಲು ಉಗುರಿಗೇ ಗೀರು ಬೀಳುವಷ್ಟು ಮೆತ್ತಗೆ, ಅದರಲ್ಲಿ ಈ ವಿದ್ಯೆ ಕಲಿಯಲಾಗದು. ಮೊದಲ ಗೊಂಬೆಗೆ ಲೋಕಾಪುರ, ಮುಧೋಳ ಕಡೆಯ ಸಣ್ಣ ಕಣದ ಸುಣ್ಣಕಲ್ಲು ಸಾಕು. ಗಡಸುತನ 3, ಲಿಂಬೆರಸ ಬಿಟ್ಟರೆ ಸಣ್ಣಗೆ ನೊರೆ ಏಳುತ್ತದೆ, ಅದೇ ಗುರುತು. ಕೈ ಕುದುರಿದ ಮೇಲೆ ವಿಜಯಪುರದ ಕಪ್ಪು ಕಲ್ಲು, ಗುಳ್ಳೆತೂತು ಇಲ್ಲದ್ದು. ಸುಣ್ಣಕಲ್ಲು ಎರಡು ಮೂರು ದಿನದ ಕೆಲಸವಾದರೆ ಕಪ್ಪು ಕಲ್ಲು ವಾರಗಟ್ಟಲೆ ತಿನ್ನುತ್ತದೆ.

ಉದ್ದ 12 ಸೆಂ.ಮೀ., ಅಗಲ 5, ದಪ್ಪ 3 ಇರುವ, ಒಂದು ತುದಿ ಸ್ವಲ್ಪ ಚೂಪಾದ ಹೊಳೆಗಲ್ಲು ಸಿಕ್ಕರೆ ಉತ್ತಮ. ಅದನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಇನ್ನೊಂದು ಕಲ್ಲಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಳಬಿರುಕು. ನೀರಲ್ಲಿ ಅದ್ದಿ ಬಿಸಿಲಿಗಿಟ್ಟರೆ ಬಿರುಕಿನ ಗೆರೆ ಕೊನೆಗೆ ಒಣಗುತ್ತದೆ, ಕಣ್ಣಿಗೇ ಕಾಣುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಕೆ.ಜಿ. ಹೊಳೆಯ ಮರಳು, ಒಂದು ಅಡಿ ಚೌಕದ ಮರಳುಗಲ್ಲಿನ ಹಲಗೆ, ಬೆಣಚುಕಲ್ಲಿನ ನಾಲ್ಕೈದು ಚೂಪು ಚಕ್ಕೆ, ಕತ್ತಾಳೆ ನಾರಿನ 2 ಮಿ.ಮೀ. ದಪ್ಪದ ಹುರಿ ಒಂದೊಂದು ಮೀಟರಿನ ಹತ್ತು ತುಂಡು, ಸಣ್ಣ ಬಿದಿರಿನ ಕಡ್ಡಿ, ಎರಡು ಬಕೆಟ್ ನೀರು. ಕತ್ತಾಳೆ ನಮ್ಮ ಹೊಲದ ಬೇಲಿಯಲ್ಲಿ ಬೆಳೆದರೂ ಮೂಲತಃ ಮೆಕ್ಸಿಕೊ ಕಡೆಯ ಗಿಡ. ಅಲ್ಲಿನವರ ಹಗ್ಗವೂ ಅದರದೇ ನಾರು. ಬೆಳಗಾವಿ ಹೊಲಗಳ ಗೋವಿನಜೋಳವೂ ಅಲ್ಲಿಂದಲೇ ಬಂದದ್ದು. ಓಲ್ಮೆಕ್ ಮೂರ್ತಿಗಳ ಕೆಲವು ತಲೆಗಳಿಂದ ಮೊಳಕೆಯೊಡೆಯುವುದು ಅದೇ ಜೋಳ.

ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಹಿಡಿಯಿರಿ. ಕೆಳಗೆ ಬಿದ್ದದ್ದು ಕೊಯ್ಯಲು ಮತ್ತು ತೂತಿಗೆ. ಅದರಲ್ಲಿ ಎರಡು ಹಿಡಿ ತೆಗೆದು ಖಲಬತ್ತಿನಲ್ಲಿ ನೀರು ಹಾಕಿಯೇ ಅರೆದು, ಬಕೆಟ್ಟಿಗೆ ಸುರಿದು ಕಲಕಿ, ಹತ್ತು ಎಣಿಸಿ, ಮೇಲಿನ ಮಬ್ಬು ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ. ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಕೂರುವ ಸಣ್ಣ ಪುಡಿ ಕೊನೆಯ ಹೊಳಪಿಗೆ. ಇಲ್ಲಿ ಅವಸರ ಮಾಡಿದವರಿಗೆ ಶಿಕ್ಷೆ ಖಾತ್ರಿ. ದಪ್ಪ ಮರಳಿನ ಒಂದೇ ಒಂದು ಕಣ ಸಣ್ಣ ಪುಡಿಯಲ್ಲಿ ಉಳಿದರೂ ಹೊಳಪು ಬಂದ ಮೈಮೇಲೆ ಉದ್ದಕ್ಕೆ ಗೀರು ಎಳೆಯುತ್ತದೆ, ಮತ್ತೆ ಹಿಂದಿನ ಹಂತಕ್ಕೆ ಹೋಗಬೇಕು. ಪ್ರತಿ ಹಂತಕ್ಕೂ ಕೈ, ಬಟ್ಟೆ, ಹಲಗೆ ತೊಳೆಯಿರಿ. ಇನ್ನೊಂದು ಮಾತು, ಒಣಗಿದ್ದನ್ನು ಎಂದೂ ಉಜ್ಜಬೇಡಿ. ಸಣ್ಣ ಮರಳಿನ ದೂಳು ಪುಪ್ಪುಸಕ್ಕೆ ಹೋದರೆ ಸಿಲಿಕೋಸಿಸ್, ಅದಕ್ಕೆ ವಾಸಿಯಾಗುವ ಮದ್ದಿಲ್ಲ.

ಇದ್ದಿಲಿನಿಂದ ಮುಂದೆ, ಹಿಂದೆ, ತಲೆಯ ಮೇಲೆ ನಡುಗೆರೆ ಎಳೆಯಿರಿ, ಅಳಿಸಿದಾಗೆಲ್ಲ ಮತ್ತೆ ಎಳೆಯಿರಿ. ಮೆಸ್ಕಾಲಾ ಗೊಂಬೆಯ ಜೀವ ಆ ಗೆರೆಯಲ್ಲಿದೆ, ಎಡಬಲ ಒಂದು ಮಿಲಿಮೀಟರ್ ತಪ್ಪಿದರೂ ಕಾಣುತ್ತದೆ. ಮೇಲಿನ 4 ಸೆಂ.ಮೀ. ತಲೆ, ಮುಂದಿನ 4.5 ಮುಂಡ, ಉಳಿದದ್ದು ಕಾಲು. ಮೊದಲು ಒದ್ದೆ ಹಲಗೆಯ ಮೇಲೆ ಮರಳು ಚೆಲ್ಲಿ ಬೆನ್ನನ್ನು, ಆಮೇಲೆ ಬದಿಗಳನ್ನು ಎಂಟರ ಆಕಾರದಲ್ಲಿ ತಿಕ್ಕಿ ಮಟ್ಟ ಮಾಡಿಕೊಳ್ಳಿ. ಹಿಂದೆ ಮುಂದೆ ಮಾತ್ರ ತಿಕ್ಕಿದರೆ ಹಲಗೆಯ ನಡು ಸವೆದು, ಬೆನ್ನು ಬಾಳೆಕಾಯಿಯ ಹಾಗೆ ಉಬ್ಬುತ್ತದೆ.

ಕಾಲುಗಳ ಸೀಳಿಗೆ ದಾರ. ನೇರ ದಾರ ಹಚ್ಚಿದರೆ ಜಾರಿ ಎತ್ತಲೋ ಹೋಗುತ್ತದೆ, ಅದಕ್ಕೆ ಮೊದಲು ಬೆಣಚುಕಲ್ಲಿನ ಚಕ್ಕೆಯಿಂದ ಅರ್ಧ ಮಿ.ಮೀ. ಆಳದ ದಾರಿ ಮಾಡಿ. ಹುರಿಯನ್ನು ನೆನೆಸಿ, ಮರಳಲ್ಲಿ ಹೊರಳಿಸಿ, ಬಿಲ್ಲಿಗೆ ಬಿಗಿದು ಎಳೆಯಿರಿ. ಕೊಯ್ಯುವುದು ಮರಳು, ಹುರಿ ಬರೀ ಅದನ್ನು ಹೊತ್ತು ಒಯ್ಯುತ್ತದೆ. ಒತ್ತಿದರೆ ಮರಳು ಹೊರಗೆ ಚಿಮ್ಮಿ ಹುರಿ ಕಡಿಯುತ್ತದೆ. ಐದು ನಿಮಿಷಕ್ಕೊಮ್ಮೆ ರಾಡಿ ತೊಳೆದು ಹೊಸ ಮರಳು ಹಾಕಿ. ರಾಡಿ ಕಲ್ಲಿನ ಬಣ್ಣಕ್ಕೆ ತಿರುಗಿತು ಅಂದರೆ ಅದರಲ್ಲಿ ಮರಳಿನ ಮೊನೆ ಉಳಿದಿಲ್ಲ. ಸೀಳನ್ನು ಕೆಳಗಿನಿಂದ 2.5 ಸೆಂ.ಮೀ.ಗೆ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಕಾಲು ತೊಡೆಯಲ್ಲಿ ಮುರಿಯುತ್ತದೆ, ಈ ಕೆಲಸದಲ್ಲಿ ಅತಿ ಹೆಚ್ಚು ಆಗುವ ನಷ್ಟ ಅದೇ.

ಕೈಗಳು ಗೆರೆಗಳಷ್ಟೇ, ಹೆಗಲಿನಿಂದ ಹೊಟ್ಟೆಯ ಕಡೆ ಓರೆಯಾಗಿ ಎರಡೆರಡು ಗಾಡಿ. ಚಕ್ಕೆಯಿಂದ ಎಳೆದ ಗಾಡಿಯ ತಳ ಚೂಪಾಗಿ, ದಾರದ್ದು ದುಂಡಗೆ ಬರುತ್ತದೆ, ಮ್ಯೂಸಿಯಂ ಗೊಂಬೆಗಳಲ್ಲಿ ಎರಡನ್ನೂ ಬೇರೆ ಬೇರೆ ಗುರುತಿಸಬಹುದು. ಮುಖವನ್ನು ಹಲಗೆಯ ಅಂಚಿಗೆ ಓರೆ ಹಿಡಿದು, ಎಡಕ್ಕೆ ಇಪ್ಪತ್ತು ಸಲ ಉಜ್ಜಿದರೆ ಬಲಕ್ಕೂ ಇಪ್ಪತ್ತು, ಎಣಿಸಿಯೇ ಉಜ್ಜಿ. ಕುತ್ತಿಗೆಗೆ ದಾರ ಪೋಣಿಸುವ ತೂತು ಬೇಕಿದ್ದರೆ ಎರಡೂ ಕಡೆಯಿಂದ ಕೊರೆಯಿರಿ. ಕಲ್ಲಿನ ಅಥವಾ ಕಟ್ಟಿಗೆಯ ಮೊನೆಯಿಂದ ಕೊರೆದರೆ ತೂತು ಎರಡು ಲಾಳಿಕೆಗಳನ್ನು ಮೂತಿಗೆ ಮೂತಿ ಜೋಡಿಸಿದ ಹಾಗಾಗುತ್ತದೆ. ಪೊಳ್ಳು ಬಿದಿರಿನಿಂದ ಕೊರೆದರೆ ಸುತ್ತ ಉಂಗುರದ ಗಾಡಿ ಬಿದ್ದು ನಡುವೆ ಗೂಟ ಉಳಿಯುತ್ತದೆ, ಅದನ್ನು ಕೊನೆಗೆ ಮುರಿಯಬೇಕು. ಓಲ್ಮೆಕ್ ಗೊಂಬೆಗಳ ಬಾಯಿಯ ತುದಿ, ಮೂಗಿನ ಹೊಳ್ಳೆಗಳಲ್ಲಿ ಕಾಣುವ ದುಂಡು ಕುಳಿಗಳು ಇಂಥ ಕೊರೆತದ ಗುರುತು. ಮೊದಲು ಕುಳಿ ತೋಡಿ, ಆಮೇಲೆ ನಡುವಿನದನ್ನು ಉಜ್ಜಿ ತುಟಿ ಮಾಡಿದ್ದಾರೆ. ಕಡ್ಡಿಯನ್ನು ಅಂಗೈಗಳ ನಡುವೆ ಹೊಸೆದರೆ ಸಾಕು. ಬೇಗ ಆಗಬೇಕೆಂದರೆ ಕಡಗೋಲಿನ ಹಾಗೆ ಹಗ್ಗ ಸುತ್ತಿ ಎಳೆಯಬಹುದು, ಆದರೆ ಕಡ್ಡಿ ಓಲಾಡಿದರೆ ತೂತಿನ ಬಾಯಿ ಅಗಲವಾಗುತ್ತದೆ.

ಹೊಳಪಿಗೆ ಸಣ್ಣ ಪುಡಿ, ಚರ್ಮ, ಕೊನೆಗೆ ಸೀಳಿದ ಬಿದಿರಿನ ಒಳಮೈ. ಅಜ್ಟೆಕ್ ಕುಶಲಕರ್ಮಿಗಳು ಬಿದಿರಿನಂಥ ಕಡ್ಡಿಯಿಂದ ಕಲ್ಲಿಗೆ ಹೊಳಪು ಕೊಡುತ್ತಿದ್ದರೆಂದು 16ನೇ ಶತಮಾನದಲ್ಲಿ ಪಾದ್ರಿ ಬರ್ನಾರ್ದಿನೊ ದೆ ಸಹಗುನ್ ಬರೆಸಿದ ದಾಖಲೆಯಲ್ಲಿದೆ.

ಪೇಟೆಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ‘ಅಸಲಿ ಜೇಡ್’ ಅಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಪರೀಕ್ಷೆ. ಕಲ್ಲನ್ನು ಒಣಗಿದ್ದಾಗ ತೂಗಿ, 165 ಗ್ರಾಂ ಎನ್ನಿ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ತೂಗುಬಿಟ್ಟು ಪೂರ್ತಿ ಮುಳುಗಿಸಿ. ತಳ, ಬದಿ ಮುಟ್ಟಬಾರದು, ಗಾಳಿಗುಳ್ಳೆ ಅಂಟಿರಬಾರದು. ತಕ್ಕಡಿ 50 ತೋರಿಸಿದರೆ 165ನ್ನು 50ರಿಂದ ಭಾಗಿಸಿ, 3.3. ಅದು ಜೇಡೈಟ್‌ನ ಸಾಂದ್ರತೆ. 2.6ರ ಆಸುಪಾಸು ಬಂದರೆ ಸರ್ಪೆಂಟೈನೋ ಹಸಿರು ಬೆಣಚುಕಲ್ಲೋ ಇರಬೇಕು. ಇದರಿಂದ ಕಲ್ಲು ಗೊತ್ತಾಗುತ್ತದೆ, ವಯಸ್ಸಲ್ಲ. ಮೆಸ್ಕಾಲಾ ಗೊಂಬೆಗಳಲ್ಲಿ ನಕಲಿ ಬಹಳ. ತೂತಿನ ಗೋಡೆ ಮೇಲಿಂದ ಕೆಳಗೆ ಒಂದೇ ಅಗಲವಿದ್ದರೆ, ಸೀಳಿನ ಆಳದಲ್ಲೂ ಮೈಮೇಲಿನಷ್ಟೇ ಹೊಳಪಿದ್ದರೆ, ಗೀರುಗಳೆಲ್ಲ ಸಮಾಂತರವಾಗಿದ್ದರೆ ಮಷಿನ್ ಕೆಲಸವೆಂದು ಅನುಮಾನಿಸಿ. ನಿಜವಾಗಿಯೂ ಹಳೆಯದಾಗಿದ್ದರಂತೂ ಕೊಳ್ಳಲೇಬಾರದು. ಮೆಕ್ಸಿಕೊದಲ್ಲಿ ಅಗೆದು ಸಿಕ್ಕ ಪುರಾತನ ವಸ್ತುವೆಲ್ಲ 1972ರ ಕಾಯ್ದೆಯಂತೆ ರಾಷ್ಟ್ರದ ಸ್ವತ್ತು. ನಮ್ಮ ಪುರಾತನ ವಸ್ತುಗಳ ಕಾಯ್ದೆಯೂ ಅದೇ ವರ್ಷದ್ದು, ನೂರು ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ.

ಇದು ಕೃಷ್ಣಾ, ಮಲಪ್ರಭಾ ದಂಡೆಯವರಿಗೆ ಬರೀ ದೂರದ ದೇಶದ ಮಾತಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕರಿಕಲ್ಲಿನ ಕೊಡಲಿಗಳನ್ನು ಇದೇ ರೀತಿ ಕುಟ್ಟಿ, ಬಂಡೆಗೆ ಮಸೆದು ಮಾಡಿದ್ದಾರೆ, ಮಸೆದ ಗಾಡಿಗಳು ಬಂಡೆಯಲ್ಲಿ ಈಗಲೂ ಇವೆ. ಅಂಥ ನುಣುಪು ಕೊಡಲಿಗಲ್ಲು ಹೊಲ ಉಳುವಾಗ ಸಿಗುವುದುಂಟು, ಎಷ್ಟೋ ಕಡೆ ಗುಡಿಯ ಕಟ್ಟೆ ಸೇರಿ ಕುಂಕುಮ ಹಚ್ಚಿಸಿಕೊಳ್ಳುವುದೂ ಉಂಟು. ಆಕಾರ ಸರಿಯಾಗಿದೆ, ಅರ್ಧ ಕೆಲಸ ಮುಗಿದೇ ಇದೆ ಎಂದು ಅದರಲ್ಲಿ ಗೊಂಬೆ ಮಾಡಲು ಕೂರಬೇಡಿ. ಹೊಲದಲ್ಲಿ ಸಿಕ್ಕರೆ ಸಿಕ್ಕ ಜಾಗದ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ, ಕಟ್ಟೆಯ ಮೇಲಿದ್ದರೆ ಅಲ್ಲಿಯೇ ಇರಲಿ.