ಅಕ್ಕನ ಪಕ್ಕ ಕೂತು ನೋಡಿದ ‘ಹೇರ್ ಲವ್’

ಸಿನಿಮಾ ಇರೋದು ಬರೀ ಏಳು ನಿಮಿಷ. ‘ಹೇರ್ ಲವ್’ ಅಂತ, 2019ರ ಅನಿಮೇಷನ್, ಮರುವರ್ಷ ಆಸ್ಕರ್ ಬಂತು. ಹಿಂದೆ ಒಬ್ಬನೇ ನೋಡಿ ಇಷ್ಟಪಟ್ಟಿದ್ದೆ. ಕೀಮೋ ನಡೆಯುತ್ತಿದ್ದ ಅಕ್ಕನ ಪಕ್ಕ ಕೂತು ನೋಡಿದ ಭಾನುವಾರ ಮಾತ್ರ ಅದು ಬೇರೆಯದೇ ಸಿನಿಮಾ ಅನ್ನಿಸಿತು.

ಅಕ್ಕನ ಮಗಳು ‘ಮಾಮ, ಏನಾದ್ರೂ ಕಾರ್ಟೂನ್ ಹಾಕು’ ಅಂತ ಹಿಂದೆ ಬಿದ್ದಿದ್ದಳು. ಇದನ್ನ ಹಾಕೋದಾ ಬೇಡ್ವಾ ಅಂತ ಯೋಚಿಸ್ತಿದ್ದೆ, ಕೊನೆಯಲ್ಲಿ ಏನಿದೆ ಅಂತ ಗೊತ್ತಿತ್ತಲ್ಲ. ಅಷ್ಟರಲ್ಲಿ ಅಕ್ಕನೇ ತಲೆಗೆ ಕಟ್ಟಿದ್ದ ಸ್ಕಾರ್ಫ್ ಸರಿ ಮಾಡಿಕೊಳ್ಳುತ್ತಾ ಬಂದು, ‘ಹಾಕೋ, ನಾನೂ ನೋಡ್ತೀನಿ’ ಅಂದಳು.

ಕಥೆಯಲ್ಲಿ ಅಮೆರಿಕದ ಕಪ್ಪು ಕುಟುಂಬದ ಪುಟ್ಟ ಹುಡುಗಿ ಝೂರಿ ಇದ್ದಾಳೆ. ಅವಳ ಗುಂಗುರು ಕೂದಲು ಬಾಚೋಕೆ ಅಪ್ಪ ಹೊರಡುತ್ತಾನೆ, ಆ ಕೂದಲು ದೊಡ್ಡ ಜಟ್ಟಿಯಾಗಿ ಬಾಕ್ಸಿಂಗ್ ರಿಂಗಿನಲ್ಲಿ ಅವನನ್ನ ಕೆಡವುತ್ತೆ. ಕೊನೆಗೆ ಅಮ್ಮ ಮೊದಲು ಮಾಡಿಟ್ಟಿದ್ದ ವಿಡಿಯೋ ಹಾಕಿಕೊಂಡು, ಅವಳ ದನಿ ಹೇಳಿದ ಹಾಗೆ ಬಾಚಿ ಮುಗಿಸುತ್ತಾನೆ. ಮಾತು ತುಂಬಾ ಕಮ್ಮಿ, ಹಾಗಾಗಿ ಇಂಗ್ಲಿಷ್ ಬರದ ಮಕ್ಕಳಿಗೂ ಎಲ್ಲ ಅರ್ಥ ಆಗುತ್ತೆ.

ಇದನ್ನ ಮಾಡಿದ ಮ್ಯಾಥ್ಯೂ ಚೆರಿ ಮೊದಲು ಅಮೆರಿಕನ್ ಫುಟ್‌ಬಾಲ್ ಆಟಗಾರ. ಮಗಳ ತಲೆ ಬಾಚುವ ಅಪ್ಪಂದಿರ ವಿಡಿಯೋಗಳನ್ನ ನೋಡಿ ಈ ಕಥೆ ಹೊಳೆದಿದ್ದಂತೆ. 2017ರಲ್ಲಿ ಜನರ ಹತ್ತಿರ 75,000 ಡಾಲರ್ ಕೇಳಿದರೆ 2,80,000 ಡಾಲರಿಗೂ ಜಾಸ್ತಿ ಸೇರಿತು. ಇಂಥದ್ದೊಂದು ಬೇಕು ಅಂತ ಎಷ್ಟೊಂದು ಜನ ಕಾಯ್ತಿದ್ರು ನೋಡಿ.

ನಮ್ಮ ಭಾವನೂ ಆಗ ಅದೇ ಕೆಲಸ ಕಲಿಯುತ್ತಿದ್ದರು. ಮಗಳನ್ನ ಮುಂದೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕನ್ನ ತುದಿಯಿಂದ ಬಿಡಿಸುತ್ತಾ ಮೇಲೆ ಬರೋದು, ಆಮೇಲೆ ಬೈತಲೆ ತೆಗೆದು ಎರಡು ಜಡೆ. ಅಕ್ಕ ಮಂಚದ ಮೇಲಿಂದಲೇ ‘ಎಡಗಡೆ ಸಡಿಲ ಆಯ್ತು ರೀ’ ಅನ್ನೋಳು. ಅವರು ಬೇಜಾರಿಲ್ಲದೆ ಬಿಚ್ಚಿ ಮತ್ತೆ ಹೆಣೆಯೋರು.

ಸಿನಿಮಾದ ಕೊನೆಗೆ ಅಪ್ಪ ಮಗಳು ಆಸ್ಪತ್ರೆಗೆ ಹೋಗುತ್ತಾರೆ. ಗಾಲಿಕುರ್ಚಿಯಲ್ಲಿ ಅಮ್ಮ, ತಲೆಗೆ ಬಟ್ಟೆ. ಝೂರಿ ತಾನೇ ಬರೆದ ಚಿತ್ರ ಕೊಡುತ್ತಾಳೆ. ಅದರಲ್ಲಿ ಅಮ್ಮನಿಗೆ ಕೂದಲಿಲ್ಲ, ಕಿರೀಟ ಇದೆ. ಅದನ್ನ ನೋಡಿ ಅಮ್ಮ ತಲೆಯ ಬಟ್ಟೆ ತೆಗೆಯುತ್ತಾಳೆ.

ನಾನು ಅಕ್ಕನ ಮುಖ ನೋಡೋಕೆ ಹೆದರಿದ್ದೆ. ಅವಳು ಅತ್ತಿದ್ದು ನಿಜ, ಆದರೆ ಕಣ್ಣೊರೆಸಿಕೊಂಡು ಅವಳು ಹೇಳಿದ್ದು ಸಿನಿಮಾದ ಆ ಅಪ್ಪನ ಬಗ್ಗೆ. ‘ಆಸ್ಪತ್ರೆಯಲ್ಲಿ ಮಲಗಿದ್ದಾಗ ನಂಗೆ ಇದೇ ಯೋಚನೆ ಕಣೋ, ಬೆಳಿಗ್ಗೆ ಇವಳ ತಲೆ ಯಾರು ಬಾಚ್ತಾರೆ ಅಂತ.’

ವೈದ್ಯರ ಭರವಸೆಯ ಮಾತು ಮನೆಯವರೆಲ್ಲ ಕೇಳಿದ್ದೆವು. ಅಕ್ಕನಿಗೆ ನಿಜವಾಗಿ ಧೈರ್ಯ ಕೊಟ್ಟಿದ್ದು ಭಾವನ ಕೈಯಲ್ಲಿದ್ದ ಬಾಚಣಿಗೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಮಗಳು ಅಷ್ಟರಲ್ಲಿ ನನಗೂ ಝೂರಿ ಥರ ಬಾಚಿ ಅಂತ ಹಟ ಹಿಡಿದಿದ್ದಳು. ಭಾವ ಬಂದು, ‘ನಾಳೆ ಸ್ಕೂಲಿದೆ ಪುಟ್ಟಿ, ಮುಂದಿನ ಭಾನುವಾರ ಮಾಡೋಣ’ ಅಂದರು. ‘ರೀ, ಬನ್ನಿ ಇಲ್ಲಿ, ಮೊದಲು ಇದನ್ನ ನೋಡಿ’ ಅಂತ ಅಕ್ಕ ಜಾಗ ಬಿಟ್ಟು ಸರಿದು ಕೂತಳು. ನಾನು ಸಿನಿಮಾನ ಮೊದಲಿನಿಂದ ಹಾಕಿದೆ.